ಉಳಿದದ್ದನ್ನು ಉಂಡವರು ಯಾರು?



ಈ ಸಲದ ಗೋಡೆ ಪತ್ರಿಕೆಗೆ ನಾನು ಮಳೆಗಾಲದ ಮೇಲೆ ಒಂದು ಕವನ ಕೊಡುವವಳಿದ್ದೆ. ಅರ್ಧ ಬರೆದೂ ಇಟ್ಟಿದ್ದೆ. ಆದರೆ ದಸರಾ ರಜೆಗೆ ಮೊದಲು ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಬರೆಯದೆ ಕವನ ಬರೆಯೋಕೆ ಮನಸ್ಸು ಬರಲಿಲ್ಲ. ಅಜ್ಜಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರ್ಕೊ ಮಗ, ಆದ್ರೆ ನನ್ನೆಸ್ರು ಹಾಕ್‌ಬ್ಯಾಡ" ಅಂದಳು. ಆದ್ದರಿಂದ ಹೆಸರು ಹಾಕಿಲ್ಲ. ಊರಿನವರಿಗೆ ಹೇಗೂ ಗೊತ್ತಿದೆ.

ನಿಮಗೆಲ್ಲ ನೆನಪಿರಬೇಕು. ಸೆಪ್ಟೆಂಬರ್ ಮೊದಲ ವಾರದಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ "ಸೆಪ್ಟೆಂಬರ್ 29" ಎಂದು ದೊಡ್ಡದಾಗಿ ಬರೆದರು. ಯಾರ ಹುಟ್ಟಿದ ದಿನ ಸಾರ್ ಅಂತ ಹಿಂದಿನ ಬೆಂಚಿನವರು ಕೇಳಿದರು. ಅದು ಯಾರ ಹುಟ್ಟಿದ ದಿನವೂ ಅಲ್ಲ. ಆಹಾರ ಪೋಲಾಗುವುದರ ಬಗ್ಗೆ ಅರಿವು ಮೂಡಿಸುವ ಅಂತರರಾಷ್ಟ್ರೀಯ ದಿನ. 2019ರಲ್ಲಿ ವಿಶ್ವಸಂಸ್ಥೆಯವರು ತೀರ್ಮಾನ ಮಾಡಿ, 2020ರಿಂದ ಆಚರಿಸುತ್ತಿದ್ದಾರಂತೆ. ಆ ದಿನ ನಮಗೆ ದಸರಾ ರಜೆ ಇರುತ್ತದೆ, ಅದಕ್ಕೆ ಮೊದಲೇ ನಾವು ಏನಾದರೂ ಮಾಡೋಣ ಎಂದರು.

ಆಮೇಲೆ ಲೆಕ್ಕ ಹೇಳಿದರು. 2022ನೇ ಇಸವಿ ಒಂದರಲ್ಲೇ ಇಡೀ ಪ್ರಪಂಚದಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿ ಹೇಳುತ್ತದೆ. ಅದರಲ್ಲಿ ಹೋಟೆಲು, ಅಂಗಡಿಗಳದ್ದೇ ಜಾಸ್ತಿ ಇರಬೇಕು ಎಂದು ನಾವು ಅಂದುಕೊಂಡೆವು. ಅಲ್ಲ. ನೂರಕ್ಕೆ 60 ಪಾಲು ಮನೆಗಳದ್ದೇ. ನಮ್ಮ ದೇಶದಲ್ಲಿ ಮನೆಗಳಲ್ಲಿ ಪೋಲಾಗುವುದು ವರ್ಷಕ್ಕೆ ತಲೆಗೆ 55 ಕೆಜಿ ಎಂದು ಅಂದಾಜು.

ಕ್ಲಾಸಿನಲ್ಲಿ ಗದ್ದಲವಾಯಿತು. "ನಮ್ಮೂರಲ್ಲಿ ಯಾರು ಸಾರ್ 55 ಕೆಜಿ ಚೆಲ್ಲೋರು? ಅದೆಲ್ಲಾ ಬೆಂಗ್ಳೂರೋರು" ಅಂತ ಎಲ್ಲರೂ ಕೂಗಿದರು. ನಾನೂ ಕೂಗಿದೆ. ಮೇಷ್ಟ್ರು ನಕ್ಕು, "ಅದರಲ್ಲಿ ಸಿಪ್ಪೆ, ಮೂಳೆ, ತಿನ್ನಕ್ಕಾಗದ್ದೂ ಸೇರಿದೆ. ಅದು ಅಂದಾಜು. ನಿಮ್ಮನೇದು ಅಂದಾಜು ಯಾಕೆ, ತೂಗೇ ನೋಡಿ" ಅಂದರು. 55 ಕೆಜಿಯನ್ನು 365ರಿಂದ ಭಾಗಿಸಿದಾಗ ದಿನಕ್ಕೆ ಸುಮಾರು 150 ಗ್ರಾಂ ಬಂತು. ಬಿಸಿಯೂಟದಲ್ಲಿ 6ರಿಂದ 8ನೇ ತರಗತಿಯ ಒಬ್ಬೊಬ್ಬರಿಗೆ ಹಾಕುವ ಅಕ್ಕಿಯ ಲೆಕ್ಕವೂ 150 ಗ್ರಾಂ. ಎರಡೂ ಒಂದೇ ಅಲ್ಲ, ಒಂದು ಒಣ ಅಕ್ಕಿ, ಇನ್ನೊಂದು ಹಸಿ ಸಿಪ್ಪೆ ಎಲ್ಲ ಸೇರಿದ್ದು. ಆದರೂ ಹಲಗೆಯ ಮೇಲೆ ಆ ಎರಡು 150 ಪಕ್ಕಪಕ್ಕದಲ್ಲಿ ಕೂತದ್ದನ್ನು ನೋಡಿ ನಾವು ಸುಮ್ಮನಾದೆವು.

ತೂಗುವುದು ಹೇಗೆ? ನಮ್ಮ ಯಾರ ಮನೆಯಲ್ಲೂ ತಕ್ಕಡಿ ಇಲ್ಲ. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದರು. ಎಲ್ಲರೂ ಮನೆಯಿಂದ ಅನ್ನದ ಸೌಟು ತರಬೇಕು. ಬಿಸಿಯೂಟದ ಅಡುಗೆಮನೆಯಲ್ಲಿರುವ ತೂಕದ ಯಂತ್ರದಲ್ಲಿ ಒಂದು ಸೌಟು ಅನ್ನ ಎಷ್ಟಾಗುತ್ತದೆಂದು ನೋಡಿ ಸೌಟಿನ ಹಿಡಿಗೆ ಚೀಟಿ ಅಂಟಿಸಬೇಕು. ಅವತ್ತು ಶಾಲೆಯಲ್ಲಿ ಮದುವೆ ಮನೆ ಹಾಗಾಗಿತ್ತು. ಉದ್ದ ಸೌಟು, ಸೊಟ್ಟ ಸೌಟು, ಹಿತ್ತಾಳೆ ಸೌಟು, ತೂತಿನ ಸೌಟು ತಂದವನೂ ಒಬ್ಬ. ನಮ್ಮನೆ ಸೌಟಿಗೆ 120 ಗ್ರಾಂ ಅನ್ನ ಹಿಡಿಯಿತು. ಮಾರನೇ ದಿನ ಸಾರಿಗೆ ಹಾಕುವಾಗ ಚೀಟಿ ಬಿದ್ದುಹೋಗಿ ಅವ್ವನ ಹತ್ತಿರ ಬೈಸಿಕೊಂಡೆ. ಆದರೆ 120 ನನಗೆ ಬಾಯಿಪಾಠವಾಗಿತ್ತು.

ಪುಸ್ತಕದಲ್ಲಿ ಮೂರು ಕಾಲಂ. ಮಾಡಿದ್ದು, ಉಳಿದದ್ದು, ಚೆಲ್ಲಿದ್ದು. ಸೋಮವಾರದಿಂದ ಭಾನುವಾರದವರೆಗೆ ಒಂದು ವಾರ. ಯಾರ ಮನೆಯಲ್ಲಿ ಕಡಿಮೆ ಚೆಲ್ಲುತ್ತಾರೋ ಅವರಿಗೆ ಒಂದು ಒಳ್ಳೆಯ ಪೆನ್ನು, ಮತ್ತು ಗೋಡೆ ಪತ್ರಿಕೆಯಲ್ಲಿ ಹೆಸರು. ನಿಜ ಹೇಳುತ್ತೇನೆ, ನನಗೆ ಆ ಪೆನ್ನು ಬೇಕಾಗಿತ್ತು. ಹೆಸರೂ ಬೇಕಾಗಿತ್ತು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾವು ಐದು ಜನ. ಅಪ್ಪ, ಅವ್ವ, ಅಜ್ಜಿ, ನಾನು, ನನ್ನ ತಮ್ಮ. ಎರಡು ವರ್ಷದ ಹಿಂದಿನವರೆಗೆ ಗೌರಿ ಅಂತ ಒಂದು ಹಸು ಇತ್ತು. ಆಗ ನಮ್ಮ ಮನೆಯಲ್ಲಿ ಚೆಲ್ಲುವುದು ಅನ್ನುವ ಮಾತೇ ಇರಲಿಲ್ಲ. ಬಚ್ಚಲ ಪಕ್ಕ ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಸೊಪ್ಪಿನ ದಂಟು, ಬಾಳೆಕಾಯಿ ಸಿಪ್ಪೆ, ತಟ್ಟೆ ತೊಳೆದ ಮುಸುರೆ ಎಲ್ಲ ಅದರೊಳಕ್ಕೆ. ಸಂಜೆ ಒಂದು ಹಿಡಿ ಬೂಸಾ ಕಲಸಿ ಇಟ್ಟರೆ ಗೌರಿ ಬಾನಿಯ ತಳ ನೆಕ್ಕುವವರೆಗೂ ಬಿಡುತ್ತಿರಲಿಲ್ಲ. ಬೋರು ಬತ್ತಿ, ಹುಲ್ಲಿಗೆ ದುಡ್ಡು ಕೊಡಲಾಗದೆ ಅಪ್ಪ ಅವಳನ್ನು ಮಾರಿದ. ಬಾನಿಯನ್ನು ಬೋರಲು ಹಾಕಿದರು. ಆವತ್ತಿನಿಂದ ನಮ್ಮನೆ ಹಿಂದಿನ ಚರಂಡಿಯಲ್ಲಿ ಅನ್ನದ ಅಗುಳು ಕಾಣಿಸಿಕೊಂಡವು. ಅಜ್ಜಿಗೆ ಅದನ್ನು ನೋಡಿದರೆ ಸಂಕಟ. ಕಡ್ಡಿಯಿಂದ ಮಣ್ಣು ಎಳೆದು ಮುಚ್ಚುತ್ತಿದ್ದಳು.

ಇನ್ನೊಂದು ವಿಷಯ. ಅಜ್ಜಿ ಸಣ್ಣವಳಿದ್ದಾಗ ನಮ್ಮ ಕಡೆ ದಿನಾ ಮುದ್ದೆಯೇ. ಅನ್ನ ಅಂದರೆ ಹಬ್ಬಕ್ಕೆ, ಇಲ್ಲ ನೆಂಟರು ಬಂದರೆ. 2013ರಲ್ಲಿ ಅನ್ನಭಾಗ್ಯ ಬಂದಮೇಲೆ ನಮ್ಮಂಥವರ ಮನೆಯಲ್ಲೂ ದಿನಾ ಅನ್ನ. ಅದರಿಂದ ಎಷ್ಟೋ ಮನೆಗೆ ಒಳ್ಳೆಯದೇ ಆಯಿತು, ನಾನು ಅಕ್ಕಿಯನ್ನು ದೂರುತ್ತಿಲ್ಲ. ಆದರೆ ಮುದ್ದೆಯನ್ನು ಅವ್ವ ತಲೆ ಲೆಕ್ಕದಲ್ಲಿ ಕಟ್ಟುತ್ತಾಳೆ. ಅಪ್ಪನಿಗೆ ಒಂದೂವರೆ, ಅಜ್ಜಿಗೆ ಅರ್ಧ, ಹೀಗೆ. ಅನ್ನಕ್ಕೆ ಆ ಲೆಕ್ಕವಿಲ್ಲ. ಅಂದಾಜಿಗೆ ಅಕ್ಕಿ ಸುರಿದು, "ಇರ್ಲಿ, ಯಾರಾದ್ರೂ ಬಂದ್ರೆ" ಅಂತ ಮೇಲೊಂದು ಹಿಡಿ. ನಮ್ಮನೆಯಲ್ಲಿ ಉಳಿಯುತ್ತಿದ್ದದ್ದು ಅನ್ನವೇ. ಮುದ್ದೆ ಉಳಿದದ್ದು ನನಗೆ ಅಷ್ಟಾಗಿ ನೆನಪಿಲ್ಲ.

ಮೊದಲ ದಿನ, ಸೋಮವಾರ ರಾತ್ರಿ, ಮೂರು ಸೌಟು ಅನ್ನ ಉಳಿಯಿತು. ಬೆಳಿಗ್ಗೆ ಅವ್ವ ಚೆಲ್ಲಿದಳು. ನಾನು 360 ಗ್ರಾಂ ಎಂದು ಬರೆದೆ. ಮೇಷ್ಟ್ರು ಹೇಳಿಕೊಟ್ಟಂತೆ ಲೆಕ್ಕವನ್ನೂ ಹಾಕಿದೆ. ಅಷ್ಟು ಅನ್ನಕ್ಕೆ ಅಕ್ಕಿ ಸುಮಾರು 130 ಗ್ರಾಂ. ಒಂದು ಕೆಜಿ ಅಕ್ಕಿ ಬೆಳೆಯಲು ಪ್ರಪಂಚದ ಸರಾಸರಿಯಲ್ಲಿ 2500 ಲೀಟರಿನಷ್ಟು ನೀರು ಬೇಕು. ಅಂದರೆ ಚೆಲ್ಲಿದ ಮೂರು ಸೌಟಿಗೆ 300 ಲೀಟರಿಗೂ ಮೇಲೆ. ನಮ್ಮನೆಯ ನೀಲಿ ಡ್ರಮ್ಮು 200 ಲೀಟರಿನದು. ಒಂದೂವರೆ ಡ್ರಮ್ಮು ನೀರು! ನಲ್ಲಿಯಲ್ಲಿ ನೀರು ಬಿಟ್ಟಾಗ ಒಂದು ಡ್ರಮ್ಮು ತುಂಬಿಸಲು ನಾನೂ ಅವ್ವನೂ ಪಡುವ ಪಾಡು ನಮಗೇ ಗೊತ್ತು.

ಇದನ್ನೆಲ್ಲ ನಾನು ಗಟ್ಟಿಯಾಗಿ ಓದಿದೆ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು.

"ಅದೇನ್ ಮಗ ಬರೀತಾ ಇರೋದು?"

"ನಮ್ಮನೇಲಿ ಎಷ್ಟು ಅನ್ನ ಚೆಲ್ತೀವಿ ಅಂತ ಅಜ್ಜಿ. ಇದನ್ನ ಎಲ್ರ ಮುಂದೆ ಓದ್ತಾರೆ."

"ಎಲ್ರ ಮುಂದೆನಾ? ನಮ್ಮನೇಲಿ ಅನ್ನ ಚೆಲ್ತಾರೆ ಅಂತಾನಾ?" ಅಂದಳು. ಮುಖ ಸಣ್ಣಗಾಯಿತು. ನಾನು ಅದನ್ನು ನೋಡಿದೆ, ಆದರೆ ಏನೂ ಅನ್ನಿಸಲಿಲ್ಲ.

ಮಂಗಳವಾರ ಸೊನ್ನೆ. ಬುಧವಾರ ಸೊನ್ನೆ. ಗುರುವಾರ, ಶುಕ್ರವಾರ, ಶನಿವಾರ ಸೊನ್ನೆ. ರಾತ್ರಿ ಉಳಿದದ್ದು ನಾನು ಶಾಲೆಯಿಂದ ಬರುವಷ್ಟರಲ್ಲಿ ಖಾಲಿ. ಸ್ಕೂಲಿನಲ್ಲಿ ಪಕ್ಕದವಳ ಪುಸ್ತಕ ನೋಡಿದೆ, 400, 250, 300. ನಂದು ನೋಡು ಅಂತ ಜಂಬ ಪಟ್ಟೆ. ಅವ್ವ ನನ್ನ ಲೆಕ್ಕ ನೋಡಿ ಅಡುಗೆ ಕಡಿಮೆ ಮಾಡುತ್ತಿದ್ದಾಳೆ ಅಂದುಕೊಂಡೆ. ಹಾಗಾದರೆ ಉಳಿದದ್ದು ಅನ್ನುವ ಎರಡನೇ ಕಾಲಂನಲ್ಲಿ ದಿನಾ ಎರಡು ಸೌಟು, ಮೂರು ಸೌಟು ಯಾಕೆ ಬರೆಯುತ್ತಿದ್ದೆ? ಅದು ಎಲ್ಲಿಗೆ ಹೋಗುತ್ತಿತ್ತು? ಆರು ದಿನ ನನ್ನ ಕೈಯಾರೆ ಬರೆದೂ ನಾನು ಅದನ್ನು ಕೇಳಲಿಲ್ಲ.

ಭಾನುವಾರ ಸಂಜೆ ಅಪ್ಪನ ಚಿಕ್ಕಪ್ಪನ ಮಕ್ಕಳು ನಾಲ್ಕು ಜನ ಬರುತ್ತೇವೆಂದು ಫೋನು ಮಾಡಿದ್ದರು. ಅವ್ವ ಒಂದು ಸೇರು ಅಕ್ಕಿ ಹಾಕಿ ಅನ್ನ ಮಾಡಿದಳು. ಅವರು ಬರಲಿಲ್ಲ. ದಾರಿಯಲ್ಲಿ ಗಾಡಿ ಕೆಟ್ಟಿತಂತೆ. ಪಾತ್ರೆಯ ಅರ್ಧಕ್ಕೂ ಮೇಲೆ ಅನ್ನ ಉಳಿಯಿತು. ಬಿಸಿಬಿಸಿ ಇರುವಾಗಲೇ ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟು ಮಲಗಿದೆವು. ಆ ರಾತ್ರಿ ಸೆಕೆ ಬೇರೆ. ಬೆಳಿಗ್ಗೆ ಅವ್ವ ತಟ್ಟೆ ತೆಗೆದರೆ ವಾಸನೆ ಬಂತು. ಕೈಯಲ್ಲಿ ಎತ್ತಿದರೆ ಅನ್ನ ನೂಲು ಬಂದಿತ್ತು.

"ಅಳ್ಸೋಗದೆ. ಚೆಲ್ಬುಡು ಇದ್ನ" ಅಂತ ಅವ್ವ ನನಗೆ ಹೇಳಿದಳು.

ಆಗ ನಾನು ಅಂದ ಮಾತು ಇದು: "ಅಯ್ಯೋ, ಇಷ್ಟೊಂದಾ? ಇವತ್ತು ಪುಸ್ತಕ ಕೊಡಬೇಕು. ಒಂದೂವರೆ ಕೆಜಿ ಅಂತ ಬರೆದ್ರೆ ನಾನು ಕೊನೇಗೆ ಹೋಗ್ತೀನಿ." ಹೇಳಿ ಮುಖ ಊದಿಸಿಕೊಂಡು, ಆ ಸಾಲು ಖಾಲಿ ಬಿಟ್ಟು, ಪುಸ್ತಕ ನಾಳೆ ಕೊಡುತ್ತೇನೆ ಅಂತ ಮೇಷ್ಟ್ರಿಗೆ ಹೇಳಿದರಾಯಿತು ಎಂದು ಶಾಲೆಗೆ ಹೋದೆ. ಅವ್ವ ಕೂಲಿಗೆ ಹೋದಳು. ಅಜ್ಜಿ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

ಸಾಯಂಕಾಲ ಬಂದು ನೋಡಿದರೆ ಪಾತ್ರೆ ಬೆಳಗಿ ಬೋರಲು ಹಾಕಿತ್ತು. ಫಳಫಳ ಹೊಳೆಯುತ್ತಿತ್ತು. ನಾನು ಚೀಲ ಇಳಿಸಿದವಳೇ ಪುಸ್ತಕ ತೆಗೆದು ಭಾನುವಾರದ ಸಾಲಿನಲ್ಲಿ ಸೊನ್ನೆ ಬರೆದೆ. ಆಮೇಲೆ ಅಜ್ಜಿ ಎಲ್ಲಿ ಅಂತ ನೋಡಿದೆ.

ಅಜ್ಜಿ ಹಿತ್ತಿಲ ಬಾಗಿಲಲ್ಲಿ ನೆಲದ ಮೇಲೆ ಮಲಗಿದ್ದಳು. ಮಧ್ಯಾಹ್ನದಿಂದ ವಾಂತಿ. ಸೀರೆ ಸೆರಗೆಲ್ಲ ಒದ್ದೆ. ನಾಲಿಗೆ ಒಣಗಿ ಮಾತೇ ಹೊರಡುತ್ತಿಲ್ಲ. "ಬಿಸ್ಲು ಕಣ್ ಮಗ, ಪಿತ್ತ ಕೆರಳದೆ" ಅಂದಳು. ತಮ್ಮ ಓಡಿಹೋಗಿ ಅವ್ವನನ್ನು ಕರೆತಂದ. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅಜ್ಜಿಯ ಕೈ ನನ್ನ ತೊಡೆಯ ಮೇಲಿತ್ತು. ಎಷ್ಟು ಹಗುರ ಇತ್ತು ಅಂದರೆ ನನಗೆ ಹೆದರಿಕೆಯಾಯಿತು.

ನರ್ಸಮ್ಮ ಗ್ಲೂಕೋಸ್ ಹಾಕಿದರು. ಡಾಕ್ಟರು "ಬೆಳಿಗ್ಗೆ ಏನು ಊಟ ಮಾಡಿದ್ರಿ ಅಜ್ಜಿ?" ಅಂತ ಕೇಳಿದರು. ಅಜ್ಜಿ "ಮುದ್ದೆ" ಅಂದಳು. ನನಗೆ ಪಾತ್ರೆ ಕಣ್ಣ ಮುಂದೆ ಬಂತು. "ಇಲ್ಲ ಸಾರ್, ಹಳಸಿದ ಅನ್ನ ಉಂಡವಳೆ" ಅಂದೆ. ಅಜ್ಜಿ ನನ್ನನ್ನು ನೋಡಿದಳು. ಸಿಕ್ಕಿಬಿದ್ದ ಮಗುವಿನ ಹಾಗೆ ನೋಡಿದಳು. ಆ ನೋಟ ಈಗಲೂ ನನಗೆ ಮರೆತಿಲ್ಲ.

ಆಮೇಲೆ ಒಂದೊಂದೇ ಹೊರಬಂತು. ಆ ವಾರವೆಲ್ಲ ತಂಗಳನ್ನ ಉಂಡು ಮುಗಿಸುತ್ತಿದ್ದವಳು ಅಜ್ಜಿಯೇ. ಸೋಮವಾರ ಹಳಸಿದ ಅನ್ನವನ್ನು ಎರಡು ನೀರಿನಲ್ಲಿ ತೊಳೆದು, ಮೆಣಸಿನಕಾಯಿ ಒಗ್ಗರಣೆ ಹಾಕಿ, ಆದಷ್ಟು ಉಂಡಿದ್ದಾಳೆ. ಉಳಿದದ್ದನ್ನು ತಿಪ್ಪೆಗೆ ಹಾಕಿ ನನಗೆ ಕಾಣದ ಹಾಗೆ ಮೇಲೆ ಬೂದಿ ಮುಚ್ಚಿದ್ದಾಳೆ. ನನ್ನ ಸೊನ್ನೆ ಆ ರೀತಿಯಲ್ಲೂ ಸುಳ್ಳು.

ಡಾಕ್ಟರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ವಿಜ್ಞಾನ ಪುಸ್ತಕದಲ್ಲಿ ಇಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜದಂಥ ಕಣಗಳು ಅನ್ನ ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನವನ್ನು ಹಾಗೇ ಗಂಟೆಗಟ್ಟಲೆ ಇಟ್ಟರೆ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಒಗ್ಗರಣೆ ಹಾಕಿದರೂ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಂಡು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ಗಟ್ಟಿಯಾಗಿರುವವರು ಒಂದು ದಿನದಲ್ಲಿ ಸುಧಾರಿಸಿಕೊಳ್ಳುತ್ತಾರೆ. ವಯಸ್ಸಾದವರಿಗೆ, ಮಕ್ಕಳಿಗೆ ಮೈಯ ನೀರು ಇಂಗಿಹೋಗಿ ಕಷ್ಟವಾಗುತ್ತದೆ. ಅಜ್ಜಿ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದಳು.

ಎರಡನೇ ರಾತ್ರಿ ನಾನು ಕೇಳಿದೆ, "ಯಾಕಜ್ಜಿ ಅದನ್ನ ಉಂಡೆ? ನಾನು ಅಂದೆ ಅಂತನಾ?" "ನೀನಂದಿದ್ಕಲ್ಲ ಬುಡು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳ ಸ್ಕೂಲಿನ ಕತೆ ಹೇಳಿದಳು. ಅವಳು ಎರಡನೇ ಕ್ಲಾಸಿನವರೆಗೆ ಓದಿದ್ದಾಳೆ. ಆಗ ಸ್ಕೂಲಿನಲ್ಲಿ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು ಕೊಡುತ್ತಿದ್ದರಂತೆ. ಅಮೇರಿಕದ ಗೋಧಿ. ಸ್ಕೂಲಿಗೆ ಹೋಗುತ್ತಿದ್ದದ್ದೇ ಅದಕ್ಕೆ. ಅರ್ಧ ಉಂಡು, ಅರ್ಧ ಮುತ್ತುಗದ ಎಲೆಯಲ್ಲಿ ಕಟ್ಟಿ ಮನೆಯಲ್ಲಿರುವ ತಂಗಿಗೆ ತರುತ್ತಿದ್ದಳಂತೆ. ಒಂದು ದಿನ ದಾರಿಯಲ್ಲಿ ಎಡವಿ ಉಪ್ಪಿಟ್ಟು ಮಣ್ಣಿಗೆ ಚೆಲ್ಲಿತು. ಮಣ್ಣು ಊದಿ ಊದಿ ಆರಿಸಿ ಕಟ್ಟಿಕೊಂಡು ಬಂದಳಂತೆ. "ತಂಗಿ ಮಣ್ಣು ಅನ್ಲಿಲ್ಲ, ಉಂಡ್ಳು" ಅಂದಳು ಅಜ್ಜಿ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಗೋಡೆ ಕಡೆಗೆ ತಿರುಗಿ ಮಲಗಿದಳು.

ಬುಧವಾರ ನಾನು ಪುಸ್ತಕ ತೆಗೆದುಕೊಂಡು ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಕೂತರು. "ತಪ್ಪು ನನ್ನದೂ ಇದೆ, ಕಾಲಂ ಹಾಕಿಕೊಟ್ಟವನು ನಾನು" ಅಂದರು. ಮೇಷ್ಟ್ರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. (ಸಾರ್, ಬರೆದದ್ದಕ್ಕೆ ಕ್ಷಮಿಸಿ.) ಮಧ್ಯಾಹ್ನ ಕ್ಲಾಸಿಗೆ ಬಂದು, ಎಲ್ಲರ ಪುಸ್ತಕದಲ್ಲೂ ನಾಲ್ಕನೇ ಗೆರೆ ಎಳೆಸಿದರು. ಅದರ ಮೇಲೆ ಬರೆಸಿದ ಮಾತೇ ಈ ಲೇಖನದ ತಲೆಬರಹ.

ನೆನಪು ಮಾಡಿಕೊಂಡು ಅಲ್ಲೇ ಬರೆಯಬೇಕೆಂದರು. ನಾವು 31 ಜನ. ಮೊದಲು ಹುಡುಗರು ಕಿಸಿಕಿಸಿ ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಎದ್ದು ಓದಿದರು. ಅವ್ವ. ಅವ್ವ. ಅಜ್ಜಿ. ಅವ್ವ. ಅತ್ತಿಗೆ. ಅವ್ವ. ದೊಡ್ಡವ್ವ. ಒಬ್ಬ "ನಾಯಿ" ಎಂದು ಓದಿದ. ಇಬ್ಬರು "ಅಪ್ಪ" ಎಂದರು. ಒಬ್ಬಳು, ಅವಳು ಯಾರೆಂದು ಬರೆಯುವುದಿಲ್ಲ, "ನಾನು" ಎಂದಳು. ಅವಳಿಗೆ ಅವ್ವ ಇಲ್ಲ. ಅಷ್ಟು ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಮೇಷ್ಟ್ರ ಪಾಠವೇ ಬದಲಾಯಿತು. ಉಳಿದದ್ದನ್ನು ಏನು ಮಾಡುವುದು ಅನ್ನುವುದನ್ನು ಬಿಟ್ಟು, ಒಲೆ ಹಚ್ಚುವ ಮೊದಲು ಏನು ಮಾಡಬಹುದು ಅಂತ ಕೇಳಿದರು.

ನಮ್ಮ ಮನೆಯ ಪಾವನ್ನು ಶಾಲೆಗೆ ತಂದು ತೂಗಿದೆ. ತಲೆ ಹೊಡೆದು ಅಳೆದರೆ 220 ಗ್ರಾಂ ಅಕ್ಕಿ. ಅವ್ವ ರಾತ್ರಿ ಹಾಕುತ್ತಿದ್ದದ್ದು ಎರಡು ಪಾವು, ಮೇಲೊಂದು ಹಿಡಿ. ಮುದ್ದೆ ಮಾಡಿದ ದಿನ ನಮ್ಮ ಐದು ಜನಕ್ಕೆ ಬೇಕಾಗುವುದು ಒಂದೂವರೆ ಪಾವು. ಇಷ್ಟೇ ಲೆಕ್ಕ. ಆದರೆ ಅವ್ವನನ್ನು ಒಪ್ಪಿಸುವುದು ಲೆಕ್ಕ ಬಿಡಿಸಿದಷ್ಟು ಸುಲಭವಾಗಲಿಲ್ಲ. "ಹೊತ್ತಿಲ್ಲದ ಹೊತ್ನಲ್ಲಿ ಯಾರಾದ್ರೂ ಬಂದ್ರೆ ಬರೀ ಪಾತ್ರೆ ತೋರ್ಸ್ಲಾ?" ಅಂತ ಜಗಳಕ್ಕೇ ಬಂದಳು. ಅವಳ ಮಾತು ತಪ್ಪೂ ಅಲ್ಲ. ನಮ್ಮ ಕಡೆ ಬಂದವರಿಗೆ ಊಟ ಇಲ್ಲ ಅಂದರೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ಇದನ್ನು ಬಗೆಹರಿಸಿದವಳು ಅಜ್ಜಿಯೇ. ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಮಲಗಿದಲ್ಲಿಂದಲೇ ಹೇಳಿದಳು. "ನಮ್ ಕಾಲ್ದಲ್ಲಿ ಸೌದೆ ಒಲೆ. ಒಂದ್ಸಲ ಆರಿದ್ರೆ ಹಸಿ ಸೌದೆ ಊದಿ ಊದಿ ಹಚ್ಬೇಕು, ಕಣ್ಣೆಲ್ಲ ಹೊಗೆ. ಅದ್ಕೆ ಒಂದೇ ಸಲ ಜಾಸ್ತಿ ಮಾಡಿ ಮಡಗ್ತಿದ್ವಿ. ಉಳುದ್ರೆ ದನ ಇದ್ವು. ಈಗ ಗ್ಯಾಸು ಐತೆ. ಯಾರಾದ್ರೂ ಬಂದ್ರೆ ತಿರುವಿದ್ರೆ ಉರೀತದೆ, ಅರ್ಧ ಗಂಟೇಲಿ ಅನ್ನ ಆಯ್ತದೆ. ದನ ಇಲ್ಲ. ಇನ್ಯಾಕೆ ಜಾಸ್ತಿ ಮಾಡಾದು?"

ಅವ್ವ ಮಾತಾಡಲಿಲ್ಲ. ಆದರೆ ಅವತ್ತು ರಾತ್ರಿ ಮೇಲಿನ ಹಿಡಿ ಅಕ್ಕಿಯನ್ನು ಪಾತ್ರೆಗೆ ಹಾಕದೆ ಬೇರೆ ಡಬ್ಬಿಗೆ ಹಾಕಿದಳು. ಅದಕ್ಕೆ ನಾವು ನೆಂಟರ ಡಬ್ಬಿ ಅಂತ ಹೆಸರಿಟ್ಟಿದ್ದೇವೆ. ನೆಂಟರು ಬಂದರೆ ಅದರಿಂದ ಅಳೆಯುವುದು. ಎರಡು ಸಲ ಬಂದರು ಕೂಡ. ಅವರು ಕೈಕಾಲು ತೊಳೆದು, ಮಾತಾಡಿ ಮುಗಿಸುವುದರೊಳಗೆ ಅನ್ನವಾಗಿತ್ತು.

ತಂಗಳನ್ನವನ್ನು ಪೂರ್ತಿ ಬಿಟ್ಟೆವೆಂದು ತಿಳಿಯಬೇಡಿ. ಸ್ವಲ್ಪ ಉಳಿದರೆ ಅಜ್ಜಿ ಅದನ್ನು ಆರಿಸಿ, ಮಲಗುವ ಮೊದಲೇ ಮಡಕೆಯಲ್ಲಿ ನೀರು ಮಜ್ಜಿಗೆ ಹಾಕಿ ಇಡುತ್ತಾಳೆ. ಬೆಳಿಗ್ಗೆ ಹುಳಿಯಾಗಿರುತ್ತದೆ. ಹಾಲನ್ನು ಮೊಸರು ಮಾಡುವಂಥ ಬ್ಯಾಕ್ಟೀರಿಯಾಗಳೇ ಅದನ್ನೂ ಹುಳಿ ಮಾಡುವುದು ಅಂತ ಮೇಷ್ಟ್ರು ಹೇಳಿದರು. ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಬಲು ರುಚಿ. ಆದರೆ ಮುಚ್ಚಿಟ್ಟು ಬೆಳಿಗ್ಗೆ ಹಳಸಿದ ಮೇಲೆ ನೀರು ಹಾಕಿದರೆ ಅದು ತಂಗಳಲ್ಲ, ಕೆಟ್ಟದ್ದು. ನಮ್ಮ ಮನೆಯಲ್ಲಿ ಫ್ರಿಜ್ಜು ಇಲ್ಲ, ಅದಕ್ಕೆ ಕಡಿಮೆ ಉಳಿಸುವುದೇ ನಮಗೆ ದಾರಿ. ಈಗ ತಂಗಳನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತೇವೆ. ಅಪ್ಪನೂ. ಮೊದಲ ದಿನ ಅವನು ಮುಖ ಗಂಟಿಕ್ಕಿದ್ದ, ಅದನ್ನೂ ಬರೆಯಬೇಕು.

ಸಿಪ್ಪೆ, ಅಕ್ಕಿ ತೊಳೆದ ನೀರನ್ನು ಪಕ್ಕದ ಮನೆ ಎಮ್ಮೆಗೆ ಕೊಡುತ್ತೇವೆ. ಅವರು ವಾರಕ್ಕೊಮ್ಮೆ ಮಜ್ಜಿಗೆ ಕೊಡುತ್ತಾರೆ. ಅನ್ನವನ್ನು ಮಾತ್ರ ರಾಶಿಯಾಗಿ ಎಮ್ಮೆಗೆ ಹಾಕಬಾರದು. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ದನ ಸತ್ತೇ ಹೋಗಬಹುದೆಂದು ದನದ ಡಾಕ್ಟರು ಹೇಳುತ್ತಾರೆ. ಮದುವೆ ಮನೆಯ ಮಿಕ್ಕ ಅನ್ನ ತಂದು ದನಕ್ಕೆ ಸುರಿಯುವವರು ಇದನ್ನು ಓದಲಿ.

ಶಾಲೆಯ ವಿಷಯ ನಿಮಗೆಲ್ಲ ಗೊತ್ತೇ ಇರುವುದರಿಂದ ಹೆಚ್ಚು ಬರೆಯುವುದಿಲ್ಲ. ನಲ್ಲಿಯ ಹತ್ತಿರ ಬಕೆಟ್ ಇಟ್ಟ ಮೊದಲ ದಿನ ಆರೂವರೆ ಕೆಜಿ ಬಿದ್ದಿತ್ತು. ಅಡುಗೆ ಅಕ್ಕ ಒಂದೇ ಸಲ ತುಂಬಾ ಹಾಕುವುದರಿಂದ ಹೀಗಾಗುತ್ತದೆ ಅಂತ ನಾವು ದೂರಿದೆವು. ಅಕ್ಕ ಹೇಳಿದ್ದೇ ಬೇರೆ. "ಒಂದನೇ ಕ್ಲಾಸಿನ ಮಕ್ಳು ಎರಡ್ನೇ ಸಲ ಕೇಳಕ್ಕೆ ಹೆದ್ರುತ್ವೆ. ಕಡ್ಮೆ ಹಾಕಿದ್ರೆ ಅರ್ಧ ಹೊಟ್ಟೇಲಿ ಎದ್ದೋಯ್ತವೆ. ಅದ್ಕೆ ತುಂಬಾ ಹಾಕ್ತೀನಿ." ಈಗ ಪ್ರತಿ ಸಾಲಿನ ಸಣ್ಣ ಮಕ್ಕಳ ಜೊತೆ ಎಂಟನೇ ಕ್ಲಾಸಿನ ಒಬ್ಬರು ಕೂರುತ್ತೇವೆ. ಮೊದಲು ಅರ್ಧ ಸೌಟು, ಆಮೇಲೆ ಬೇಕಾದವರಿಗೆ ನಾವೇ ಕೂಗಿ ಹಾಕಿಸುತ್ತೇವೆ. ಹೋದ ವಾರ ಬಕೆಟ್ಟಿನಲ್ಲಿ ಎರಡು ಕೆಜಿ ಇತ್ತು. ಅದರಲ್ಲಿ ಕರಿಬೇವು, ನುಗ್ಗೆಕಾಯಿ ಸಿಪ್ಪೆಯೇ ಜಾಸ್ತಿ. ಅದು ಹಿಂದಿನ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಪೆನ್ನನ್ನು ಮೇಷ್ಟ್ರು ಯಾರಿಗೂ ಕೊಡಲಿಲ್ಲ. ಈ ಲೇಖನ ಬರೆಯಲು ಕೊಟ್ಟರು, ಮುಗಿದ ಮೇಲೆ ವಾಪಸ್ಸು ಕೊಡಬೇಕು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆದ್ದರಿಂದ ಡ್ರಾಯಿಂಗ್ ಹಾಳೆಯ ಮೇಲೆ ನನ್ನ ಗೆಳತಿ ಬರೆದುಕೊಟ್ಟಿದ್ದಾಳೆ. ಜಾಗ ಹೆಚ್ಚು ಹಿಡಿದದ್ದಕ್ಕೆ ಸಂಪಾದಕ ಮಂಡಳಿಯವರು ಬೈದುಕೊಳ್ಳಬಾರದು.

ಅಜ್ಜಿ ಈಗ ಗಟ್ಟಿಯಾಗಿದ್ದಾಳೆ. ಸಂಜೆ ಅವ್ವ ಅಕ್ಕಿ ಅಳೆಯುವಾಗ ಪಕ್ಕದಲ್ಲಿ ಕೂತು "ತಲೆ ಹೊಡಿ, ತಲೆ ಹೊಡಿ" ಅನ್ನುತ್ತಾಳೆ. ಕೆಲವು ದಿನ ಅವ್ವನೂ ನಮ್ಮ ಜೊತೆಗೇ ತಟ್ಟೆ ಇಟ್ಟುಕೊಂಡು ಕೂರುತ್ತಾಳೆ. ದಿನಾ ಅಲ್ಲ. ಕೂತ ದಿನ ನಾಲ್ಕನೇ ಕಾಲಂನಲ್ಲಿ "ಎಲ್ಲರೂ" ಎಂದು ಬರೆಯುತ್ತೇನೆ. ಹೋದ ವಾರ ಚೆಲ್ಲಿದ್ದು ಸೊನ್ನೆ ಅಲ್ಲ, 180 ಗ್ರಾಂ.

ಆ ಹಳೆಯ ಹಾಳೆಯನ್ನು ಹರಿದು ಹಾಕು ಅಂತ ಅಜ್ಜಿ ಹೇಳುತ್ತಲೇ ಇದ್ದಾಳೆ. ನಾನು ಹರಿದಿಲ್ಲ. ಈ ಲೇಖನದ ಕೆಳಗೆ ಬಲಗಡೆ ಅಂಟಿಸಿರುವುದು ಅದೇ. ಒಂದು 360, ಆರು ಸೊನ್ನೆ. ಕೊನೆಯ ಸೊನ್ನೆ ಉಳಿದವಕ್ಕಿಂತ ಸ್ವಲ್ಪ ದೊಡ್ಡದಾಗಿದೆ, ಹತ್ತಿರ ಹೋಗಿ ನೋಡಿದರೆ ಕಾಣುತ್ತದೆ.

8ನೇ ತರಗತಿ ವಿದ್ಯಾರ್ಥಿನಿ